ಹೆರಿಗೆ ನಂತರ ಜೋತುಬಿದ್ದ ಹೊಟ್ಟೆ: ಲೈಪೋ ಸಾಕಾ, ಟಮ್ಮಿ ಟಕ್ಕೇ ಬೇಕಾ?

ಮಲ್ಲಿಗೆಮೊಗ್ಗು:

ವಯಸ್ಸು 34, ಎರಡು ಹೆರಿಗೆ. ಎರಡನೆಯದು ಸಿಸೇರಿಯನ್, ಆಗಿ 14 ತಿಂಗಳು. ಎತ್ತರ 158 ಸೆಂ.ಮೀ., ತೂಕ 63 ಕೆ.ಜಿ., ಆರೇಳು ತಿಂಗಳಿಂದ ಮುಳ್ಳು ಅಲ್ಲೇ ನಿಂತಿದೆ. ಸಿಸೇರಿಯನ್ ಹೊಲಿಗೆಯ ಮೇಲೆ ಚರ್ಮ ಮಡಿಕೆಯಾಗಿ ಜೋತುಬಿದ್ದಿದೆ, ಬೆವರಿದರೆ ಮಡಿಕೆಯ ಒಳಗೆಲ್ಲ ಕೆಂಪು, ತುರಿಕೆ. ಅಂಗಾತ ಮಲಗಿ ತಲೆ ಎತ್ತಿದರೆ ಹೊಕ್ಕುಳಿನ ಮೇಲೆ ಉದ್ದಕ್ಕೆ ದಿಣ್ಣೆಯ ಹಾಗೆ ಉಬ್ಬುತ್ತದೆ. ಒಬ್ಬ ಡಾಕ್ಟರು ಲೈಪೋ (ಕೊಬ್ಬು ಹೀರಿ ತೆಗೆಯೋದು) ಸಾಕು ಅಂದರು, ಇನ್ನೊಬ್ಬರು ಮಿನಿ ಟಮ್ಮಿ ಟಕ್ (ಜೋತ ಚರ್ಮ ಕತ್ತರಿಸಿ ಹೊಟ್ಟೆ ಬಿಗಿ ಮಾಡೋ ಆಪರೇಷನ್, ಅದರಲ್ಲಿ ಸಣ್ಣದು) ಅಂದರು, ಮೂರನೆಯವರು ಫುಲ್ಲೇ ಆಗಬೇಕು ಅಂದರು. ಒಂದೇ ಹೊಟ್ಟೆಗೆ ಮೂರು ಉತ್ತರ ಹೇಗೆ? ಯಾವುದು ಸರಿ ಅಂತ ನಾನೇ ತಿಳಿಯೋದು ಹೇಗೆ? ಏನೇನು ಕೆಡಬಹುದು ಅನ್ನೋದನ್ನೂ ಮುಚ್ಚಿಡದೆ ಹೇಳಿ.

ಹೊಲಿಗೆಸರ್ಜನ್:

ಹೊಟ್ಟೆ ಅಂತ ನಾವು ಕರೆಯೋದು ನಾಲ್ಕು ಪದರ, ಮೇಡಂ. ಚರ್ಮ, ಅದರಡಿಯ ಕೊಬ್ಬು, ಸ್ನಾಯು, ಸ್ನಾಯುವಿನ ಹಿಂದೆ ಕರುಳಿನ ಸುತ್ತ ಕೂತಿರುವ ಒಳಕೊಬ್ಬು. ಮೂರು ಆಪರೇಷನ್‌ಗಳೂ ಬೇರೆ ಬೇರೆ ಪದರಕ್ಕೆ ಕೈ ಹಾಕುತ್ತವೆ. ಮೂವರೂ ನಿಮ್ಮ ಹೊಟ್ಟೆಯನ್ನು ನೋಡಿದ್ದಾರೆ, ಆದರೆ ನೋಡಿದ ಪದರ ಒಂದೇ ಅಲ್ಲ.

ಮನೆಯಲ್ಲೇ ನೋಡಿಕೊಳ್ಳಿ. ಮೊದಲು ಅಂಗಾತ ಮಲಗಿ. ಹೊಟ್ಟೆ ಪಕ್ಕೆಲುಬಿನ ಮಟ್ಟಕ್ಕಿಂತ ಕೆಳಗೆ ಇಳಿಯುತ್ತದಾ? ಇಳಿದರೆ ಒಳ್ಳೆಯದು. ಮಲಗಿದಾಗಲೂ ಗುಡಾಣದ ಹಾಗೆ ಮೇಲೆಯೇ ನಿಂತಿದ್ದರೆ ಅದು ಒಳಕೊಬ್ಬು. ಅದನ್ನು ಯಾವ ಸರ್ಜನ್ನೂ ತೆಗೆಯಲಾರ, ತೂಕ ಇಳಿದರಷ್ಟೇ ಹೋಗುತ್ತದೆ. ಆಮೇಲೆ ಎದ್ದು ನಿಂತು ಸ್ವಲ್ಪ ಮುಂದಕ್ಕೆ ಬಾಗಿ, ಹೊಕ್ಕುಳಿನ ಕೆಳಗೆ ಬೆರಳಲ್ಲಿ ಹಿಡಿಯಿರಿ. ಕೈಗೆ ದಪ್ಪಗೆ ಸಿಕ್ಕು, ಬಿಟ್ಟ ಕೂಡಲೇ ಜಾಗಕ್ಕೆ ಕೂತರೆ ಕೊಬ್ಬಿನ ತೊಂದರೆ. ತೆಳ್ಳಗೆ, ಸುಕ್ಕುಸುಕ್ಕಾಗಿ, ಒಗೆದ ಬಟ್ಟೆಯ ಹಾಗೆ ನೇತಾಡಿದರೆ ಚರ್ಮದ ತೊಂದರೆ.

ಲೈಪೋ ತೆಗೆಯೋದು ಎರಡನೇ ಪದರವನ್ನು ಮಾತ್ರ. 3–4 ಮಿ.ಮೀ. ಕೊಳವೆಯಲ್ಲಿ ಕೊಬ್ಬು ಎಳೆದುಕೊಂಡ ಮೇಲೆ ಚರ್ಮ ತಾನಾಗಿ ಬಿಗಿಯಾಗಬೇಕು. ಬಸಿರಿನಲ್ಲಿ ಹಿಗ್ಗಿ ಹಿಗ್ಗಿ ಸ್ಟ್ರೆಚ್ ಮಾರ್ಕ್ ಬಿದ್ದ ಚರ್ಮದಲ್ಲಿ ಆ ಶಕ್ತಿ ಉಳಿದಿರುವುದಿಲ್ಲ. ನಿಮ್ಮ ಹಾಗೆ ಮಡಿಕೆ ಬಿದ್ದ ಹೊಟ್ಟೆಗೆ ಬರೀ ಲೈಪೋ ಮಾಡಿದರೆ ಒಳಗಿನ ಹತ್ತಿ ತೆಗೆದ ದಿಂಬಿನ ಕವರ್ ಆಗುತ್ತದೆ. ಮೊದಲಿಗಿಂತ ಹೆಚ್ಚು ಜೋತುಬೀಳುತ್ತದೆ, ಮೇಲ್ಮೈ ಉಬ್ಬುತಗ್ಗಾಗುತ್ತದೆ.

ಮಿನಿಯಲ್ಲಿ ಹೊಕ್ಕುಳನ್ನು ಮುಟ್ಟುವುದಿಲ್ಲ, ಅದರ ಕೆಳಗಿನ ಚರ್ಮವನ್ನಷ್ಟೇ ಕತ್ತರಿಸಿ ಹೊಲಿಯುತ್ತಾರೆ. ಸಿಸೇರಿಯನ್ ಗೆರೆಗಿಂತ ಸ್ವಲ್ಪ ಉದ್ದದ ಕಲೆ ಉಳಿಯುತ್ತದೆ. ಹೊಕ್ಕುಳಿನ ಮೇಲೆ ಏನೂ ತೊಂದರೆ ಇಲ್ಲದವರಿಗೆ ಮಾತ್ರ ಇದು ಹೊಂದುತ್ತದೆ, ಅಂಥವರು ಕಡಿಮೆ. ನಿಮಗೆ ಮೇಲೂ ದಿಣ್ಣೆ ಇದೆ. ಕೆಳಗೆ ಮಾತ್ರ ಬಿಗಿ ಮಾಡಿದರೆ ಮೇಲಿನ ಉಬ್ಬು ಇನ್ನೂ ಎದ್ದು ಕಾಣುತ್ತದೆ.

ಫುಲ್ ಅಂದರೆ ಅಬ್ಡಾಮಿನೋಪ್ಲಾಸ್ಟಿ. ಪೂರ್ತಿ ಅರಿವಳಿಕೆ, 2ರಿಂದ 4 ಗಂಟೆ. ಒಂದು ಸೊಂಟದ ಮೂಳೆಯಿಂದ ಇನ್ನೊಂದರವರೆಗೆ, ಒಳಉಡುಪಿನಲ್ಲಿ ಮುಚ್ಚಿಹೋಗುವಷ್ಟು ಕೆಳಗೆ ಗೀರು. ಅಲ್ಲಿಂದ ಚರ್ಮ ಮತ್ತು ಕೊಬ್ಬನ್ನು ಒಟ್ಟಿಗೆ ಸ್ನಾಯುವಿನಿಂದ ಬಿಡಿಸುತ್ತಾ ಪಕ್ಕೆಲುಬಿನ ತನಕ ಮೇಲಕ್ಕೆ ಹೋಗುತ್ತೇವೆ. ಹೊಕ್ಕುಳನ್ನು ಸುತ್ತ ಕತ್ತರಿಸಿ ಅದರ ಬುಡಕ್ಕೇ ಅಂಟಿದ ಹಾಗೆ ಬಿಡುತ್ತೇವೆ. ಅಗಲವಾಗಿ ಸರಿದ ಎರಡು ಉದ್ದ ಸ್ನಾಯುಗಳ ಹೊದಿಕೆಯನ್ನು, ರವಿಕೆಗೆ ಟಕ್ಸ್ ಹಿಡಿದ ಹಾಗೆ, ಎದೆಮೂಳೆಯ ತುದಿಯಿಂದ ಕಿಬ್ಬೊಟ್ಟೆಯ ಮೂಳೆವರೆಗೆ ಗಟ್ಟಿ ದಾರದಲ್ಲಿ ಮಧ್ಯಕ್ಕೆ ಎಳೆದು ಹೊಲಿಯುತ್ತೇವೆ. ಮೇಜನ್ನು ಸೊಂಟದ ಹತ್ತಿರ ಮಡಿಸಿ ಚರ್ಮವನ್ನು ಕೆಳಗೆ ಎಳೆದು ಹೆಚ್ಚಾದದ್ದನ್ನು ಕತ್ತರಿಸುತ್ತೇವೆ. ಹೊಕ್ಕುಳಿಗೆ ಹೊಸ ಕಿಂಡಿ ಮಾಡಿ ಹೊರಗೆ ತರುತ್ತೇವೆ. ಹಳೆಯ ಸಿಸೇರಿಯನ್ ಕಲೆ ಸಾಮಾನ್ಯವಾಗಿ ಕತ್ತರಿಸಿದ ಚರ್ಮದ ಜೊತೆಗೇ ಹೋಗುತ್ತದೆ. ಹೊಕ್ಕುಳಿನ ಕೆಳಗಿನ ಸ್ಟ್ರೆಚ್ ಮಾರ್ಕೂ ಬಹುಪಾಲು ಹೋಗುತ್ತದೆ, ಮೇಲಿನವು ಕೆಳಗೆ ಜಾರಿ ಉಳಿಯುತ್ತವೆ.

ಕೆಡುವ ವಿಷಯ. ಹೊಟ್ಟೆಯ ಚರ್ಮಕ್ಕೆ ರಕ್ತ ಮುಖ್ಯವಾಗಿ ಸ್ನಾಯುವನ್ನು ತೂರಿಕೊಂಡು ಬರುವ ಸಣ್ಣ ನಾಳಗಳಿಂದ ಬರುತ್ತದೆ. ಚರ್ಮ ಬಿಡಿಸುವಾಗ ಅವು ಹೋಗುತ್ತವೆ, ಆಮೇಲೆ ಪಕ್ಕೆಗಳ ಕಡೆಯಿಂದ ಬರುವ ರಕ್ತವೇ ಗತಿ. ಅದು ತಲುಪಲು ಅತಿ ದೂರದ ಜಾಗ ಕೆಳಗಿನ ಹೊಲಿಗೆಯ ನಟ್ಟನಡುವೆ, ಚರ್ಮ ಕಪ್ಪಾಗಿ ಸಾಯುವುದಿದ್ದರೆ ಬಹುಪಾಲು ಅಲ್ಲೇ. ನಿಕೋಟಿನ್ ಈ ನಾಳಗಳನ್ನು ಇನ್ನಷ್ಟು ಕಿರಿದು ಮಾಡುತ್ತದೆ. ಆದ್ದರಿಂದ ಸಿಗರೇಟು, ನಿಕೋಟಿನ್ ಗಮ್, ಪ್ಯಾಚ್ ಎಲ್ಲವನ್ನೂ ಕನಿಷ್ಠ 4 ವಾರ ಮೊದಲೇ ಬಿಟ್ಟಿರಬೇಕು, ಆಮೇಲೂ 4 ವಾರ ಮುಟ್ಟಬಾರದು. ಪಿತ್ತಕೋಶಕ್ಕೆ ಹಿಂದೆ ಬಲ ಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಕೊಯ್ದು ಮಾಡಿದ ಆಪರೇಷನ್ ಆಗಿದ್ದರೆ ಸರ್ಜನ್‌ಗೆ ತಪ್ಪದೆ ಹೇಳಿ. ಆ ಕಲೆ ಬಲಪಕ್ಕೆಯ ದಾರಿಯನ್ನೂ ಮೊದಲೇ ಮುಚ್ಚಿರುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಆಗೋದು ಸೆರೋಮಾ, ಬಿಡಿಸಿದ ಜಾಗದಲ್ಲಿ ನೀರು ತುಂಬುವುದು. ಎಲ್ಲಕ್ಕಿಂತ ಅಪಾಯದ್ದು ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹೋಗುವುದು. ಸ್ನಾಯು ಬಿಗಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ ಕಾಲಿನಿಂದ ರಕ್ತ ವಾಪಸಾಗೋದು ನಿಧಾನ ಆಗುತ್ತದೆ, ಅದಕ್ಕೆ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಯಾವಾಗ ನಿಲ್ಲಿಸಬೇಕು, ಬದಲಿಗೆ ಏನು ಅನ್ನೋದನ್ನು ಮೊದಲ ಭೇಟಿಯಲ್ಲೇ ಕೇಳಿ. ಹೆಪ್ಪುಗಟ್ಟದಂತೆ ಏನು ಮಾಡುತ್ತೀರಿ ಅಂದರೆ ಕಾಲಿಗೆ ಹಾಕುವ ಪಂಪ್, ಹೆಪಾರಿನ್ ಇಂಜೆಕ್ಷನ್ ಬೇಕೋ ಬೇಡವೋ ಅನ್ನುವ ಲೆಕ್ಕ, ಅದೇ ದಿನ ಎಬ್ಬಿಸಿ ನಡೆಸುವುದು ಇಷ್ಟನ್ನಾದರೂ ಡಾಕ್ಟರು ಹೇಳಬೇಕು. "ಅದೆಲ್ಲ ಏನೂ ಆಗಲ್ಲ" ಅಂದರೆ ಬೇರೆಯವರನ್ನು ನೋಡಿ.

ಫಿಸಿಯೊ_ಉಸಿರು:

ಸರ್ ಹೇಳಿದ ಮೂರನೇ ಪದರದ ಬಗ್ಗೆ. ಹೊಟ್ಟೆಯ ಎರಡು ಉದ್ದ ಸ್ನಾಯುಗಳು ನಡುವೆ ಬಿಟ್ಟುಕೊಂಡು ಹಾಗೆ ದಿಣ್ಣೆ ಏಳುವುದಕ್ಕೆ ಡಯಾಸ್ಟಾಸಿಸ್ ರೆಕ್ಟೈ ಅಂತಾರೆ. ಅಳೆಯೋದು ಸುಲಭ. ಮಂಡಿ ಮಡಿಸಿ ಮಲಗಿ, ಬೆರಳುಗಳನ್ನು ಹೊಕ್ಕುಳಿನ ಮೇಲೆ ಅಡ್ಡಡ್ಡ ಇಟ್ಟು, ತಲೆ ಮತ್ತು ಭುಜ ಮಾತ್ರ ಸ್ವಲ್ಪ ಎತ್ತಿ. ಎರಡು ಕಡೆಯ ಸ್ನಾಯುವಿನ ಅಂಚು ಬೆರಳಿಗೆ ತಾಗುತ್ತದೆ. ಹೊಕ್ಕುಳಿನ ಮೇಲೆ, ಹೊಕ್ಕುಳಿನಲ್ಲಿ, ಕೆಳಗೆ, ಮೂರು ಕಡೆ ನೋಡಿ. ನಡುವೆ 2 ಸೆಂ.ಮೀ.ಗಿಂತ ಹೆಚ್ಚು, ಅಂದರೆ ಸುಮಾರು ಎರಡು ಬೆರಳಿಗಿಂತ ಅಗಲ ಇದ್ದರೆ ಬಿಟ್ಟಿದೆ ಅಂತ. ಅಗಲದಷ್ಟೇ ಆಳವೂ ಮುಖ್ಯ. ಬೆರಳು ಮೆತ್ತಗೆ ಒಳಗೆ ಮುಳುಗುತ್ತಾ, ಇಲ್ಲ ಬಿಗಿಯಾಗಿ ತಡೆಯುತ್ತಾ ನೋಡಿ.

ಈ ಬಿರುಕು ಹೆರಿಗೆಯಾದ ಮೊದಲ ಎಂಟು ವಾರದಲ್ಲೇ ಹೆಚ್ಚು ಕೂಡಿಕೊಳ್ಳುತ್ತದೆ, ಆಮೇಲೆ ನಿಧಾನ. ನಿಮಗೆ 14 ತಿಂಗಳಾಗಿರುವುದರಿಂದ ತಾನಾಗಿ ಮುಚ್ಚುವುದು ಮುಗಿದಿದೆ ಅಂತಲೇ ಇಟ್ಟುಕೊಳ್ಳಿ. ಹಾಗಂತ ವ್ಯಾಯಾಮ ದಂಡ ಅಲ್ಲ. ಉಸಿರು ಬಿಡುತ್ತಾ ಹೊಕ್ಕುಳನ್ನು ಬೆನ್ನಿನ ಕಡೆ ಎಳೆದು, ಮೂತ್ರ ತಡೆಯುವಂತೆ ಕೆಳಗಿನ ಸ್ನಾಯುವನ್ನೂ ಮೇಲೆತ್ತಿ 5–10 ಸೆಕೆಂಡ್ ಹಿಡಿಯಿರಿ, 10 ಸಲ, ದಿನಕ್ಕೆ ಎರಡು ಮೂರು ಬಾರಿ. ಮೂರು ತಿಂಗಳು ಬಿಡದೆ ಮಾಡಿದರೆ ಬೆನ್ನುನೋವು, ಕೆಮ್ಮಿದಾಗ ಮೂತ್ರ ಸೋರುವುದು ಎರಡೂ ಕಡಿಮೆಯಾಗಬಹುದು, ಆಪರೇಷನ್ ಆದರೂ ಚೇತರಿಕೆ ಸುಲಭ. ಆದರೆ ಚರ್ಮ ಒಂದು ಮಿಲಿಮೀಟರೂ ಕುಗ್ಗುವುದಿಲ್ಲ. ದಿಣ್ಣೆ ಎದ್ದು ಕಾಣುವ ಯಾವ ಕಸರತ್ತೂ ಬೇಡ. ಸಿಟ್ ಅಪ್ ಅಂತೂ ಸದ್ಯಕ್ಕೆ ಮರೆತುಬಿಡಿ.

ಹೊಕ್ಕುಳಿನ ಬಳಿ ಗೋಲಿಯಷ್ಟು ಮೆತ್ತನೆ ಗಂಟು ಬಂದು ಒಳಗೆ ತಳ್ಳಿದರೆ ಹೋಗುತ್ತಿದ್ದರೆ ಅದು ಹರ್ನಿಯಾ (ಹೊಟ್ಟೆಯ ಗೋಡೆಯ ಸಂದಿನಿಂದ ಒಳಗಿನ ಕೊಬ್ಬೋ ಕರುಳೋ ಹೊರಗೆ ನುಗ್ಗುವುದು) ಇರಬಹುದು. ಆಪರೇಷನ್‌ಗೆ ಮೊದಲು ಒಂದು ಅಲ್ಟ್ರಾಸೌಂಡ್ ಮಾಡಿಸಿ.

ಹೊಲಿಗೆಸರ್ಜನ್:

ಒಳ್ಳೆ ಮಾತು. ಗೊತ್ತಿಲ್ಲದ ಹರ್ನಿಯಾದೊಳಗೆ ಲೈಪೋ ಕೊಳವೆ ಹೊಕ್ಕರೆ ಕರುಳಿಗೇ ತೂತು. ಮೊದಲೇ ಗೊತ್ತಿದ್ದರೆ ಅದನ್ನೂ ಒಟ್ಟಿಗೇ ಮುಚ್ಚಬಹುದು, ಆದರೆ ಹೊಕ್ಕುಳಿನ ಬುಡದ ರಕ್ತ ಕಡಿಯದಂತೆ ನಾಜೂಕಾಗಿ ಮಾಡಬೇಕು.

ಇನ್ನೊಂದು ಬಿಟ್ಟಿದ್ದೆ. ಚರ್ಮ ಚೆನ್ನಾಗಿದ್ದು ಸ್ನಾಯು ಮಾತ್ರ ಸರಿದವರಿಗೆ ಸಣ್ಣ ಗೀರಿನಲ್ಲಿ, ಕ್ಯಾಮೆರಾ ಇಟ್ಟು ಸ್ನಾಯು ಹೊಲಿಯುವುದೂ ಉಂಟು. ನಿಮ್ಮ ಮಡಿಕೆಗೆ ಅದು ಸಾಲದು.

ವಾರ್ಡ್‌ಸಿಸ್ಟರ್:

ಆಪರೇಷನ್ ಥಿಯೇಟರ್‌ನಲ್ಲಿ ಮೂರು ಗಂಟೆ, ಆಮೇಲೆ ಆರು ವಾರ ನಿಮ್ಮ ಕೈಯಲ್ಲಿ. ಅದರ ಬಗ್ಗೆ ಯಾರೂ ಬಿಡಿಸಿ ಹೇಳಲ್ಲ.

ಮೊದಲ 5–10 ದಿನ ನೆಟ್ಟಗೆ ನಿಲ್ಲಬಾರದು. ಸೊಂಟದಲ್ಲಿ ಬಾಗಿಯೇ ನಡೀಬೇಕು, ಇಲ್ಲದಿದ್ದರೆ ಹೊಲಿಗೆ ಎಳೆಯುತ್ತದೆ. ಮಲಗುವಾಗ ಬೆನ್ನಿಗೆ ದಿಂಬು ಕೊಟ್ಟು ಮೈ 30 ಡಿಗ್ರಿ ಎತ್ತರಕ್ಕೆ, ಮಂಡಿಯ ಕೆಳಗೂ ಒಂದು ದಿಂಬು. ಏಳುವಾಗ ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಎದ್ದೇಳಿ. ಕೆಮ್ಮು, ಸೀನು ಬಂದರೆ ಹೊಟ್ಟೆಗೆ ದಿಂಬು ಅವಚಿಕೊಳ್ಳಿ. ನೋವಿನ ಮಾತ್ರೆಗೆ ಮಲ ಗಟ್ಟಿಯಾಗುತ್ತದೆ, ತಿಣುಕಿದರೆ ಒಳಹೊಲಿಗೆಗೆ ಪೆಟ್ಟು. ಮಲ ಸಡಿಲ ಮಾಡುವ ಔಷಧಿಯನ್ನು ಮೊದಲ ದಿನದಿಂದಲೇ ಕೇಳಿ ಬರೆಸಿಕೊಳ್ಳಿ.

ಒಳಗೆ ಸೇರುವ ನೀರು, ರಕ್ತವನ್ನು ಹೊರಗೆ ಎಳೆಯುವ ಕೊಳವೆ, ಅಂದರೆ ಡ್ರೇನ್, ಸಾಮಾನ್ಯವಾಗಿ ಎರಡು ಇರುತ್ತೆ. ಕೊನೆಯಲ್ಲಿರುವ ಬಲ್ಬನ್ನು ಖಾಲಿ ಮಾಡಿ, ಪೂರ್ತಿ ಅದುಮಿ ಹಿಡಿದೇ ಮುಚ್ಚಳ ಹಾಕಬೇಕು. ಉಬ್ಬಿದ ಬಲ್ಬು ಎಳೆಯುವುದಿಲ್ಲ, ನೀರು ಒಳಗೇ ನಿಲ್ಲುತ್ತದೆ. ಮನೆಗೆ ಹೋದವರು ಹೆಚ್ಚಾಗಿ ತಪ್ಪೋದು ಇಲ್ಲೇ. ದಿನಕ್ಕೆರಡು ಸಲ ಎಡ, ಬಲ ಬೇರೆ ಬೇರೆ ಅಳೆದು ಬರೆದಿಡಿ. ಕೆಂಪು ಇದ್ದದ್ದು ದಿನ ಕಳೆದಂತೆ ತಿಳಿಹಳದಿಗೆ ತಿರುಗಬೇಕು. 24 ಗಂಟೆಗೆ 30 ಮಿ.ಲೀ.ಗಿಂತ ಕಡಿಮೆಯಾದ ಮೇಲೆ ತೆಗೆಯುತ್ತಾರೆ, ಒಂದರಿಂದ ಎರಡು ವಾರ ಹಿಡಿಯಬಹುದು. ಚರ್ಮವನ್ನು ಒಳಗಿನಿಂದಲೇ ಅಲ್ಲಲ್ಲಿ ಸ್ನಾಯುವಿಗೆ ಹೊಲಿದು ಡ್ರೇನ್ ಇಲ್ಲದೆ ಮುಗಿಸುವ ಸರ್ಜನ್‌ಗಳೂ ಇದ್ದಾರೆ. ಡ್ರೇನ್ ತೆಗೆದ ಮೇಲೆ ಹೊಟ್ಟೆ ತಟ್ಟಿದರೆ ನೀರು ತುಂಬಿದ ಚೀಲದ ಹಾಗೆ ಅಲೆಯಾಡಿದರೆ ಸೆರೋಮಾ. ಸೂಜಿಯಲ್ಲಿ ಎಳೆದು ತೆಗೆಯುತ್ತಾರೆ, ಕೆಲವೊಮ್ಮೆ ಮತ್ತೆ ಮತ್ತೆ. ಹಾಗೇ ಬಿಟ್ಟರೆ ಸುತ್ತ ಗಟ್ಟಿ ಚೀಲ ಕಟ್ಟಿ ಮತ್ತೊಂದು ಆಪರೇಷನ್ ಬೇಕಾಗಬಹುದು.

ಹೊಟ್ಟೆಗೆ ಸುತ್ತುವ ಬೆಲ್ಟ್ 6 ವಾರ. ಬಿಗಿ ಅಂದರೆ ಉಸಿರು ಕಟ್ಟುವಷ್ಟಲ್ಲ, ಒಳಗೆ ಅಂಗೈ ಜಾರುವಷ್ಟು. ಅಂಚು ಸುರುಳಿ ಸುತ್ತಿ ಒತ್ತಿದರೆ ಚರ್ಮಕ್ಕೆ ಕೇಡು, ಆಗಾಗ ಕನ್ನಡಿಯಲ್ಲಿ ನೋಡಿಕೊಳ್ಳಿ. ಯಾಕಂದರೆ ಹೊಕ್ಕುಳಿನ ಕೆಳಗೆ ತಿಂಗಳುಗಟ್ಟಲೆ ಜೋಮು, ಸ್ಪರ್ಶವೇ ಗೊತ್ತಾಗುವುದಿಲ್ಲ. ಸ್ವಲ್ಪ ಜಾಗದಲ್ಲಿ ಕಾಯಂ ಆಗಿಯೂ ಉಳಿಯಬಹುದು. ಇದೇ ಕಾರಣಕ್ಕೆ ಹೊಟ್ಟೆಗೆ ಬಿಸಿನೀರಿನ ಚೀಲ, ಹೀಟಿಂಗ್ ಪ್ಯಾಡ್ ಖಂಡಿತ ಬೇಡ. ಚರ್ಮ ಬೆಂದು ಬೊಬ್ಬೆ ಬಂದರೂ ತಿಳಿಯೋದಿಲ್ಲ.

ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಏದುಸಿರು, ಎದೆ ಚುಚ್ಚುವುದು ಇದ್ದರೆ ಫೋನ್ ಮಾಡುತ್ತಾ ಕೂರಬೇಡಿ, ನೇರ ಎಮರ್ಜೆನ್ಸಿಗೆ. ಒಂದು ಪಕ್ಕ ಇದ್ದಕ್ಕಿದ್ದಂತೆ ಊದಿ ಡ್ರೇನ್‌ನಲ್ಲಿ ಕಡುಗೆಂಪು ರಕ್ತ ಬಂದರೂ ಹಾಗೆಯೇ. ಹೊಲಿಗೆಯ ಬಳಿ ಚರ್ಮ ನೀಲಿ, ಕಪ್ಪು ಆದರೆ, 38 ಡಿಗ್ರಿ ಸೆಲ್ಸಿಯಸ್ ದಾಟಿ ಜ್ವರ ಬಂದರೆ ಅವತ್ತೇ ಡಾಕ್ಟರಿಗೆ ತೋರಿಸಿ.

ಮಲ್ಲಿಗೆಮೊಗ್ಗು:

ಎಲ್ಲರಿಗೂ ಥ್ಯಾಂಕ್ಸ್. ಮಲಗಿದರೆ ಹೊಟ್ಟೆ ಒಳಗೆ ಇಳಿಯುತ್ತೆ, ಬಿರುಕು ಹೊಕ್ಕುಳಿನ ಮೇಲೆ ಮೂರು ಬೆರಳು, ಗಂಟು ಇಲ್ಲ. ಇನ್ನೂ ಮೂರು ಅನುಮಾನ. ರಾತ್ರಿ ಒಂದು ಹೊತ್ತು ಎದೆಹಾಲು ಇನ್ನೂ ಇದೆ. ಮೂರನೇ ಮಗು ಬೇಡ ಅಂತ ಪೂರ್ತಿ ತೀರ್ಮಾನ ಆಗಿಲ್ಲ. ಕೊಬ್ಬನ್ನು ತಣ್ಣಗೆ ಮಾಡಿ ಕರಗಿಸುವ ಮೆಷಿನ್, ಚರ್ಮ ಬಿಗಿ ಮಾಡುವ ರೇಡಿಯೋ ಫ್ರೀಕ್ವೆನ್ಸಿ ಇವೆಲ್ಲ ಹೇಗೆ? ಮತ್ತೆ 10 ಕೆ.ಜಿ. ಮಗುವನ್ನು ಎತ್ತದೆ ಇರೋದು ಹೇಗೆ?

ಹೊಲಿಗೆಸರ್ಜನ್:

ಅನುಮಾನ ನಾಲ್ಕಾಯ್ತು, ಪರವಾಗಿಲ್ಲ.

ಹಾಲು ಪೂರ್ತಿ ಬಿಟ್ಟು 3ರಿಂದ 6 ತಿಂಗಳು ಕಳೆಯಲಿ. ಅಷ್ಟರಲ್ಲಿ ತೂಕವೂ ಹಾರ್ಮೋನೂ ಒಂದು ನೆಲೆಗೆ ಬರುತ್ತವೆ. ಹಿಮೋಗ್ಲೋಬಿನ್ ನೋಡಿಸಿ, ಕಡಿಮೆ ಇದ್ದರೆ ಈ ಅವಧಿಯಲ್ಲೇ ಸರಿಮಾಡಿಕೊಳ್ಳಿ.

ಮೂರನೆಯ ಮಗುವಿನ ತೀರ್ಮಾನ ಆಗುವ ತನಕ ಕತ್ತಿ ಮುಟ್ಟಬೇಡಿ. ಟಮ್ಮಿ ಟಕ್ ಆದವರು ಬಸಿರಾಗಬಹುದು, ಮಗುವಿಗೆ ಅದರಿಂದ ತೊಂದರೆ ಇಲ್ಲ. ಆದರೆ ಸ್ನಾಯು, ಚರ್ಮ ಮತ್ತೆ ಹಿಗ್ಗಿ ಮಾಡಿದ ಕೆಲಸ ನೀರಿನಲ್ಲಿ ಹೋಮ. ಇನ್ನೊಂದು ಹೆರಿಗೆ ಆದರೆ ಸಿಸೇರಿಯನ್ ಜೊತೆಗೇ ಇದನ್ನೂ ಮುಗಿಸಿ ಅನ್ನೋರು ಸಿಗುತ್ತಾರೆ, ಒಪ್ಪಬೇಡಿ. ಗರ್ಭಕೋಶ ದೊಡ್ಡದಿರುತ್ತೆ, ಎಲ್ಲವೂ ಹಿಗ್ಗಿರುತ್ತೆ, ಎಷ್ಟು ಕತ್ತರಿಸಬೇಕು ಅನ್ನೋದೇ ಗೊತ್ತಾಗಲ್ಲ. ಸೋಂಕು, ಹೆಪ್ಪು ಎರಡರ ಅಪಾಯವೂ ಆಗಲೇ ಹೆಚ್ಚು.

ಮೆಷಿನ್‌ಗಳು ಅಲ್ಲಲ್ಲಿ ಸ್ವಲ್ಪ ಕೊಬ್ಬು ಕಡಿಮೆ ಮಾಡಬಹುದು, ಸಡಿಲ ಚರ್ಮ ತುಸು ಬಿಗಿಯಾಗಬಹುದು. ನೇತಾಡುವ ಮಡಿಕೆಯನ್ನು ಯಾವ ಮೆಷಿನ್ನೂ ತೆಗೆಯಲ್ಲ, ಸರಿದ ಸ್ನಾಯುವನ್ನು ಹೊಲಿಯಲ್ಲ. ತಣ್ಣಗೆ ಮಾಡುವ ವಿಧಾನದಲ್ಲಿ ಅಪರೂಪಕ್ಕೆ ಕೊಬ್ಬು ಕರಗುವ ಬದಲು ಆ ಜಾಗದಲ್ಲೇ ಗಟ್ಟಿಯಾಗಿ ಬೆಳೆದುಬಿಡುತ್ತದೆ, ಆಗ ಅದನ್ನು ತೆಗೆಯಲು ಲೈಪೋ ಬೇಕು.

ನಿಮ್ಮ ವಿವರ ನೋಡಿದರೆ ಫುಲ್ ಅಂದವರ ಮಾತೇ ಸರಿ ಅನ್ನಿಸುತ್ತದೆ, ಕೈಯಿಂದ ಮುಟ್ಟಿ ನೋಡಿದವರ ಮಾತೇ ಕೊನೆಯದು. ಕಲೆ ಎಷ್ಟು ಉದ್ದ ಅನ್ನೋದನ್ನು ನೀವು ಹಾಕುವ ಒಳಉಡುಪು ತೊಟ್ಟುಕೊಂಡೇ ಪೆನ್ನಿನಲ್ಲಿ ಗೀಚಿ ತೋರಿಸಲು ಕೇಳಿ. ಅದು ಮಾಸಲು 12ರಿಂದ 18 ತಿಂಗಳು. ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಶೀಟ್ ದಿನಕ್ಕೆ 12 ಗಂಟೆಗಿಂತ ಹೆಚ್ಚು, ಎರಡು ಮೂರು ತಿಂಗಳು. ಕಿವಿ ಚುಚ್ಚಿಸಿದ ಜಾಗದಲ್ಲೋ ಸಿಸೇರಿಯನ್ ಗೆರೆಯಲ್ಲೋ ಗಂಟುಗಂಟಾಗಿ ಕೀಲಾಯ್ಡ್ ಬೆಳೆದಿದ್ದರೆ ಮೊದಲೇ ತೋರಿಸಿ, ಇಲ್ಲಿ ಅದು ಒಂದಡಿ ಉದ್ದಕ್ಕೂ ಬೆಳೆಯಬಹುದು.

ವಾರ್ಡ್‌ಸಿಸ್ಟರ್:

ಮಗುವಿನ ವಿಷಯ ನಾನು ಹೇಳ್ತೀನಿ. 6 ವಾರ 4–5 ಕೆ.ಜಿ.ಗಿಂತ ಭಾರ ಎತ್ತುವಂತಿಲ್ಲ, ಅಂದರೆ ತೊಟ್ಟಿಲಿನಿಂದಾಗಲೀ ನೆಲದಿಂದಾಗಲೀ ಮಗುವನ್ನು ನೀವು ಎತ್ತೋ ಹಾಗಿಲ್ಲ. ಮೊದಲ ಎರಡು ವಾರ ಇನ್ನೊಬ್ಬರು ಮನೆಯಲ್ಲೇ ಇರಬೇಕು, ರಾತ್ರಿಯೂ. ಈಗಿನಿಂದಲೇ ಮಗುವಿಗೆ ಸೋಫಾ ಹತ್ತಿ ಪಕ್ಕಕ್ಕೆ ಬಂದು ಕೂರೋದು ಅಭ್ಯಾಸ ಮಾಡಿಸಿ, ಬೇಕಾದರೆ ಕೆಳಗೊಂದು ಮಣೆ ಇಡಿ. ನೀವು ಕೂತಿರಿ, ಅದೇ ಹತ್ತಿ ಬರಲಿ. ಮಡಿಲಲ್ಲಿ ಮೊದಲು ದಿಂಬು, ದಿಂಬಿನ ಮೇಲೆ ಮಗು. ಒದೆ ಬಿದ್ದರೂ ದಿಂಬಿಗೆ ಬೀಳುತ್ತೆ.