ಚಿನ್ನದ ನ್ಯಾನೋ ಕಣಕ್ಕೆ ಅಯಸ್ಕಾಂತ ಗುಣ: ನಿಜವೋ, ಚಿಮಟದ ಕಬ್ಬಿಣವೋ?

ಸುಮಾ: ಚಿನ್ನ ಅಯಸ್ಕಾಂತಕ್ಕೆ ಅಂಟಿದರೆ ಅದರಲ್ಲಿ ಬೇರೇನೋ ಬೆರೆತಿದೆ ಅಂತ ಅಂಗಡಿಯಲ್ಲೇ ಹೇಳ್ತಾರೆ. ಆದರೆ 2004ರಲ್ಲಿ ಸ್ಪೇನಿನ ತಂಡವೊಂದು 1.4 ನ್ಯಾನೋಮೀಟರ್ ಚಿನ್ನದ ಕಣಗಳಿಗೆ ಥಯೋಲ್ ಎಂಬ ಗಂಧಕವಿರುವ ಅಣುಗಳನ್ನು ಹೊದಿಸಿ ಅಳೆದಾಗ, ಕೋಣೆಯ ಉಷ್ಣತೆಯಲ್ಲೂ ಅವು ಕಬ್ಬಿಣದ ಹಾಗೆ ಅಯಸ್ಕಾಂತ ಗುಣ ಹಿಡಿದಿಟ್ಟುಕೊಂಡವಂತೆ. ನಂಬಬಹುದಾ?

ರಾಘವೇಂದ್ರ: ಯಾಕೆ ನಂಬಬಾರದು? ಗಟ್ಟಿ ಚಿನ್ನದಲ್ಲಿ 5ಡಿ ಅನ್ನುವ ಎಲೆಕ್ಟ್ರಾನ್ ಕವಚ ತುಂಬಿರುತ್ತದೆ, ಹಾಗಾಗಿ ಅದು ಅಯಸ್ಕಾಂತದಿಂದ ತುಸು ದೂರ ಸರಿಯುತ್ತದೆ. ಥಯೋಲ್‌ನಲ್ಲಿರುವ ಗಂಧಕ ಆ ಕವಚದಿಂದ ಸ್ವಲ್ಪ ಎಲೆಕ್ಟ್ರಾನ್ ಎಳೆದುಕೊಂಡರೆ ಅಲ್ಲಿ ಜಾಗ ಖಾಲಿ, ಜೋಡಿಯಿಲ್ಲದ ಎಲೆಕ್ಟ್ರಾನ್ ಉಳಿದು ಅಯಸ್ಕಾಂತ ಗುಣ ಬರಬಹುದು. ಇಷ್ಟು ಚಿಕ್ಕ ಕಣದಲ್ಲಿ ಅರ್ಧಕ್ಕಿಂತ ಜಾಸ್ತಿ ಪರಮಾಣುಗಳು ಮೇಲ್ಮೈಯಲ್ಲೇ ಇರುತ್ತವೆ, ಅಲ್ವಾ?

ನಾಗವೇಣಿ: ರಾಘವೇಂದ್ರ ಅವರೇ, ನಾನು ಸ್ಕ್ವಿಡ್ ಯಂತ್ರದಲ್ಲಿ, ಅಂದರೆ ತೀರಾ ಸಣ್ಣ ಅಯಸ್ಕಾಂತ ಗುಣವನ್ನೂ ಅಳೆಯುವ ಯಂತ್ರದಲ್ಲಿ, ಅಳತೆ ಮಾಡಿದವಳು. ಲೆಕ್ಕ ನೋಡಿ. 10 ಮಿಲಿಗ್ರಾಂ ಚಿನ್ನಕ್ಕೆ 1 ಟೆಸ್ಲಾ ಅಯಸ್ಕಾಂತ ಕ್ಷೇತ್ರ ಕೊಟ್ಟಾಗ ಬರುವ ಸಂಕೇತಕ್ಕಿಂತ, ಅದರಲ್ಲಿ ಸೇರಿಕೊಂಡ ಒಂದೇ ಮೈಕ್ರೋಗ್ರಾಂ ಕಬ್ಬಿಣದ ಸಂಕೇತ ಸುಮಾರು 15 ಪಟ್ಟು ದೊಡ್ಡದು. ಒಮ್ಮೆ ನನ್ನ ಮಾದರಿಯಲ್ಲಿ ಚೆಂದದ ಹಿಸ್ಟೆರಿಸಿಸ್ ಸುರುಳಿ ಬಂತು, ಅಂದರೆ ಕ್ಷೇತ್ರ ತೆಗೆದ ಮೇಲೂ ಅಯಸ್ಕಾಂತ ಗುಣ ಉಳಿಯುತ್ತದೆ ಅನ್ನುವ ಗುರುತು. ಎರಡು ವಾರ ಖುಷಿಪಟ್ಟೆ. ಸ್ಟೀಲ್ ಚಿಮಟ ಬಿಟ್ಟು ಪ್ಲಾಸ್ಟಿಕ್ ಚಿಮಟ ಹಿಡಿದು ಹೊಸ ಮಾದರಿ ತುಂಬಿದೆ. ಸುರುಳಿ ಹೋಯಿತು, ಅಯಸ್ಕಾಂತದಿಂದ ದೂರ ಸರಿಯುವ ಮಾಮೂಲಿ ಚಿನ್ನದ ಇಳಿಜಾರಿನ ನೇರ ಗೆರೆ ಮಾತ್ರ ಉಳಿಯಿತು.

ರಾಘವೇಂದ್ರ: ಒಪ್ಪಿದೆ. ಆದರೆ ಅದೇ 2004ರಲ್ಲಿ ಜಪಾನಿನ ಸ್ಪ್ರಿಂಗ್-8 ಎಂಬ ಎಕ್ಸ್-ಕಿರಣ ಕೇಂದ್ರದಲ್ಲಿ ಕಿರಣ ಬಿಟ್ಟು ನೋಡಿದರಲ್ಲ? ಪಾಲಿಮರ್ ಹೊದಿಸಿದ 1.9 ನ್ಯಾನೋಮೀಟರ್ ಕಣಗಳು. ಕಿರಣದ ಶಕ್ತಿಯನ್ನು ಚಿನ್ನಕ್ಕೇ ಹೊಂದಿಸಿರುತ್ತಾರೆ. ಕಬ್ಬಿಣ ಇದ್ದರೂ ಅದರ ಮಾತು ಅಲ್ಲಿ ಕೇಳಿಸುವುದಿಲ್ಲ.

ನಾಗವೇಣಿ: ಆ ಕೆಲಸದ ಮೇಲೆ ನನಗೆ ತುಂಬಾ ಗೌರವ ಇದೆ. ಆದರೆ ಅದು ಕಡುಚಳಿಯಲ್ಲಿ, ಭಾರಿ ಕ್ಷೇತ್ರದಲ್ಲಿ ಮಾಡಿದ ಅಳತೆ. ಚಿನ್ನದ ಪರಮಾಣು ಕ್ಷೇತ್ರದ ಕಡೆ ತಿರುಗುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ. ಕ್ಷೇತ್ರ ತೆಗೆದ ಮೇಲೂ, ಕೋಣೆಯ ಉಷ್ಣತೆಯಲ್ಲಿ, ಹಾಗೇ ನಿಲ್ಲುತ್ತದೆ ಅನ್ನುವುದು ಬೇರೆ ಮಾತು. ಎರಡನ್ನೂ ಒಂದಕ್ಕೊಂದು ಗಂಟು ಹಾಕಬೇಡಿ.

ಸುಮಾ: ಹಾಗಾದರೆ ಕಬ್ಬಿಣದ ಅನುಮಾನವೇ ಬಾರದ ಪ್ರಯೋಗ ಯಾವುದು ಮೇಡಂ?

ನಾಗವೇಣಿ: 25 ಚಿನ್ನದ ಪರಮಾಣು, ಸುತ್ತ 18 ಥಯೋಲ್ ಇರುವ ಕ್ಲಸ್ಟರ್, ಅಂದರೆ ಪರಮಾಣುಗಳ ಪುಟ್ಟ ಗೊಂಚಲು, ನೋಡಿ. ವಿದ್ಯುದಂಶ ಇಲ್ಲದಾಗ ಅದರಲ್ಲಿ ಒಂದು ಎಲೆಕ್ಟ್ರಾನ್ ಜೋಡಿಯಿಲ್ಲದೆ ಉಳಿಯುತ್ತದೆ. ಅದರ ಸಂಕೇತ, ಜೋಡಿಯಿಲ್ಲದ ಎಲೆಕ್ಟ್ರಾನ್‌ಗಳನ್ನು ಗುರುತಿಸುವ ಇಪಿಆರ್ ಯಂತ್ರದಲ್ಲಿ ಕಾಣುತ್ತದೆ. ಇನ್ನೊಂದು ಎಲೆಕ್ಟ್ರಾನ್ ಕೊಟ್ಟರೆ ಜೋಡಿ ಆಗುತ್ತದೆ, ಸಂಕೇತ ಹೋಗುತ್ತದೆ. ಅದನ್ನು ವಾಪಸ್ ಕಿತ್ತರೆ ಮತ್ತೆ ಬರುತ್ತದೆ. ಚಿಮಟದಿಂದ ಬಂದ ಕಬ್ಬಿಣ ಹೀಗೆ ಹೋಗಿ ಬಂದು ಮಾಡುವುದಿಲ್ಲ.