ಅಜ್ಜನ ಟೂರಿಂಗ್ ಟಾಕೀಸಿನ ರೀಲುಗಳನ್ನು ಪುಣೆಯ ಚಲನಚಿತ್ರ ಸಂಗ್ರಹಾಲಯಕ್ಕೆ ಕೊಡಬಹುದೇ?

ಕೊಥ್ರೂಡ್ ಕನ್ನಡತಿ:
ಧಾರವಾಡದ ಕಡೆ ಟೂರಿಂಗ್ ಟಾಕೀಸ್ ನಡೆಸುತ್ತಿದ್ದ ನಮ್ಮ ಅಜ್ಜನ ಟ್ರಂಕಿನಲ್ಲಿ ತುಕ್ಕು ಹಿಡಿದ ಐದು ತಗಡಿನ ಡಬ್ಬಿಗಳು ಸಿಕ್ಕಿದ್ದು, ಅವನ್ನು ಪುಣೆಯ ಮನೆಗೆ ತಂದಿದ್ದೇನೆ. ಒಂದರ ಮುಚ್ಚಳದ ಮೇಲೆ ಅಜ್ಜನ ಅಕ್ಷರದಲ್ಲಿ ‘ಕನ್ನಡ, 3ನೇ ರೀಲು’ ಎಂದಷ್ಟೇ ಇದೆ. ತೆರೆದೊಡನೆ ವಿನೆಗರಿನಂಥ ಹುಳಿ ವಾಸನೆ ಮೂಗಿಗೆ ಬಡಿಯಿತು. ಲಾ ಕಾಲೇಜ್ ರಸ್ತೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಇಂಥ ಬಿಡಿ ರೀಲುಗಳಿಂದ ಉಪಯೋಗವಿದೆಯೇ? ಡಿಜಿಟಲ್ ಪ್ರತಿ ಮಾಡಿಸಿ ಮೂಲವನ್ನು ಬಿಟ್ಟುಬಿಡಬಹುದೇ?

ಡೆಕ್ಕನ್ ವಾಸಿ:
ಮೇಡಂ, ದಯವಿಟ್ಟು ಮೂಲವನ್ನು ಎಸೆಯಬೇಡಿ, ಪ್ರೊಜೆಕ್ಟರಿಗೂ ಏರಿಸಬೇಡಿ. ಹುಳಿ ವಾಸನೆ ಬಂದರೆ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮ್ ಕೆಡಲಾರಂಭಿಸಿ ಆಮ್ಲ ಬಿಡುತ್ತಿದೆ ಎಂದರ್ಥ. ಆ ಆವಿ ಪಕ್ಕದ ರೀಲನ್ನೂ ಕೆಡಿಸುವುದರಿಂದ ಆ ಡಬ್ಬಿಯನ್ನು ಬೇರೆಯಾಗಿ, ತಂಪಾದ ಒಣ ಜಾಗದಲ್ಲಿಡಿ. ಫಿಲ್ಮಿನ ಅಂಚಿನಲ್ಲಿ ‘ಸೇಫ್ಟಿ’ ಎಂಬ ಇಂಗ್ಲಿಷ್ ಪದ ಮುದ್ರಿತವಾಗಿದೆಯೇ ನೋಡಿ. ಇಲ್ಲವಾದರೆ ಅದು 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಎಂಬ ಹಳೆಯ ಬಗೆಯ ಫಿಲ್ಮ್ ಇರಬಹುದು. ಹೊತ್ತಿಕೊಂಡರೆ ನೀರಿಗೂ ಆರದ ವಸ್ತುವದು. 2003ರಲ್ಲಿ ಇದೇ ಊರಿನಲ್ಲಿ ಬೆಂಕಿ ಬಿದ್ದು ಸಂಗ್ರಹಾಲಯದ ನೈಟ್ರೇಟ್ ರೀಲುಗಳು ಸಾವಿರಗಟ್ಟಲೆ ಸುಟ್ಟುಹೋದವು. ಆದ್ದರಿಂದ ಹೊತ್ತೊಯ್ಯುವ ಮೊದಲು ಅವರಿಗೆ ಫೋನ್ ಮಾಡಿ.

ಬಿಡಿ ರೀಲೆಂದು ಹಿಂಜರಿಯಬೇಡಿ. 1964ರಲ್ಲಿ ಆರಂಭವಾದ ಈ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ಪಿ. ಕೆ. ನಾಯರ್ ಅವರು ಭಾರತೀಯ ಚಿತ್ರರಂಗದ ಪಿತಾಮಹ ದಾದಾಸಾಹೇಬ್ ಫಾಲ್ಕೆಯವರ ಚಿತ್ರಗಳ ಅಳಿದುಳಿದ ತುಣುಕುಗಳನ್ನೂ ಹುಡುಕಿ ತಂದು ಉಳಿಸಿದರು. ಫಾಲ್ಕೆಯವರ ಮೊದಲ ಕಥಾಚಿತ್ರ ‘ರಾಜಾ ಹರಿಶ್ಚಂದ್ರ’ ಇಂದಿಗೂ ನಮಗಿರುವುದು ಅಪೂರ್ಣವಾಗಿಯೇ. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ವನ್ನು ಇದೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ ಚಿತ್ರೀಕರಿಸಿದ್ದರು. ಅದರ ಒಂದು ರೀಲಾದರೂ ಯಾರದೋ ಅಟ್ಟದ ಮೇಲೆ ಉಳಿದಿದ್ದರೆ ಎಂದು ಎಷ್ಟು ಸಲ ಹಂಬಲಿಸಿದ್ದೇನೋ.

ಪಿಂಪ್ರಿಯಿಂದ:
ಒಳಗೆ ಸೇರಿದ್ದು ಮತ್ತೆ ನಮ್ಮ ಕಣ್ಣಿಗೆ ಬೀಳದು ಎಂಬುದು ನನ್ನ ಆತಂಕ. ಕೊಡುವಾಗ ರೀಲುಗಳ ವಿವರವಿರುವ ರಸೀದಿ ಕೇಳಿ, ನೋಡಲು ಒಂದು ಪ್ರತಿ ಸಿಗುವುದೇ ಎಂಬುದನ್ನೂ ಬರಹದಲ್ಲಿ ಪಡೆಯಿರಿ.

ಡೆಕ್ಕನ್ ವಾಸಿ:
ಅದು ನ್ಯಾಯವಾದ ಮಾತು. ಆದರೆ ಡಿಜಿಟಲ್ ಪ್ರತಿಯೊಂದನ್ನೇ ನಂಬಬೇಡಿ. ಹಾರ್ಡ್ ಡಿಸ್ಕು ಕೆಲವೇ ವರ್ಷಗಳಲ್ಲಿ ಕೈಕೊಡುತ್ತದೆ, ತಂಪಾದ ಒಣ ಕೋಣೆಯಲ್ಲಿಟ್ಟ ಫಿಲ್ಮ್ ತಲೆಮಾರುಗಳ ಕಾಲ ಬಾಳುತ್ತದೆ. ಅಂದಹಾಗೆ, ರೀಲು ನಿಮ್ಮದಾದರೂ ಚಿತ್ರದ ಹಕ್ಕುಸ್ವಾಮ್ಯ ಬೇರೆಯವರದಿರಬಹುದು. ಅಜ್ಜನ ಹಳೆಯ ಕರಾರು ಪತ್ರಗಳಿದ್ದರೆ ಅವನ್ನೂ ಜೊತೆಗೊಯ್ಯಿರಿ.

ಕೊಥ್ರೂಡ್ ಕನ್ನಡತಿ:
ನಾಲ್ಕರ ಅಂಚಿನಲ್ಲಿ ‘ಸೇಫ್ಟಿ’ ಇದೆ. ಐದನೆಯದರಲ್ಲಿ ಸುರುಳಿ ಒಂದಕ್ಕೊಂದು ಅಂಟಿಕೊಂಡಿದ್ದರಿಂದ ಬಿಡಿಸಲು ಹೋಗಲಿಲ್ಲ. ಹೊರತುದಿಯನ್ನಷ್ಟೇ ಕಿಟಕಿಯ ಬೆಳಕಿಗೆ ಹಿಡಿದಾಗ ಸೊಂಟದ ಮೇಲೆ ಕೊಡವಿಟ್ಟುಕೊಂಡ ಹೆಣ್ಣುಮಗಳೊಬ್ಬಳು ಕಂಡಳು. ಡಬ್ಬಿಯನ್ನು ಮುಚ್ಚಿ ಬೇರೆಯಿಟ್ಟಿದ್ದೇನೆ. ಸೋಮವಾರ ಬೆಳಿಗ್ಗೆಯೇ ಫೋನ್ ಮಾಡುತ್ತೇನೆ.