ಸುಲಿತ ಮುಗಿದ ದಿನದ ಊಟ

ಚಿಕ್ಕಪ್ಪ, ನಮಸ್ಕಾರ. ಎಲ್ಲರೂ ಕೇಳಲಿ ಅಂತ ಮನೆಯವರ ವಾಟ್ಸಾಪ್ ಗುಂಪಿನಲ್ಲೇ ಹೇಳುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ. ಅಡಿಕೆ ಸುಲಿತ ಮುಗಿದ ದಿನ ನಮಗೆ ಜಗುಲಿಯಲ್ಲಿ ಬಾಳೆ ಎಲೆ, ಸುಲಿಯುವವರಿಗೆ ಆಮೇಲೆ ಕೊಟ್ಟಿಗೆ ಪಕ್ಕ ಪೇಪರ್ ಪ್ಲೇಟ್ ಸಾಕು ಅಂತ ಬರೆದಿದ್ದೀರಿ. "ಅವರಿಗೇನೂ ಬೇಜಾರಿಲ್ಲ, ಕರೆದರೂ ಒಳಗೆ ಬರಲ್ಲ" ಅಂತಲೂ ಹಾಕಿದ್ದೀರಿ. ನನಗೆ ಆ ಮಾತೇ ಸರಿ ಕಾಣಲಿಲ್ಲ.

ಬರಲ್ಲ, ನಿಜ. ಯಾಕೆ ಬರಲ್ಲ? ಹಿತ್ತಲ ಕಟ್ಟೆ ಮೇಲೆ ಅಂಚು ನೆಗ್ಗಿದ ನಾಲ್ಕು ಲೋಟ ಬೋರಲು ಹಾಕಿರುತ್ತವಲ್ಲ, ಅದನ್ನು ನೋಡಿ. ಸುಲಿಯಲು ಬರುವ ಅಕ್ಕ ಚಾ ಕುಡಿದು, ತಾವೇ ತೊಳೆದು, ಮತ್ತೆ ಅಲ್ಲೇ ಬೋರಲು ಹಾಕುತ್ತಾರೆ. ಅದೇ ಹೊತ್ತಿಗೆ ಶಿವಮೊಗ್ಗದಿಂದ ಬಂದ ವ್ಯಾಪಾರಿ ಕುಡಿದ ಲೋಟ ಸೀದಾ ಅಡುಗೆಮನೆಗೆ ಹೋಗುತ್ತದೆ. ಅವರ ಜಾತಿ ಯಾವುದು ಅಂತ ನಾವ್ಯಾರೂ ಕೇಳಿಲ್ಲ. ಕಾರಿನಲ್ಲಿ ಬರುತ್ತಾರೆ, ಅಷ್ಟೇ. ಇದನ್ನೆಲ್ಲ ಆ ಅಕ್ಕ ವರ್ಷಗಟ್ಟಲೆ ನೋಡಿದ್ದಾರೆ. ಊಟದ ದಿನ ಮಾತ್ರ "ಬನ್ನಿ ಒಳಗೆ" ಅಂದರೆ, ಅದು ಬಾಯಿಮಾತಿನ ಕರೆ ಅಂತ ಗೊತ್ತಾಗುವುದಿಲ್ವಾ? ಹೋಟೆಲಿನವರು ಹೀಗೆ ಜಾತಿ ನೋಡಿ ಬೇರೆ ಲೋಟ ಇಟ್ಟರೆ ಕೇಸಾಗುತ್ತದೆ. ನಮ್ಮ ಹಿತ್ತಲಿಗೆ ಯಾರು ಬಂದು ನೋಡುತ್ತಾರೆ!

ಸುಲಿಯುವವರ ಕೈ ಕ್ಲೀನಿರಲ್ಲ ಅಂತ ಚಿಕ್ಕಮ್ಮ ಬರೆದಿದ್ದಾರೆ. ಚಿಕ್ಕಮ್ಮ, ಅವರ ಬೆರಳು ಕಪ್ಪಗಿರುವುದು ಅಡಿಕೆ ಕರೆಯಿಂದ. ಎಷ್ಟು ಸೋಪು ಹಚ್ಚಿದರೂ ಹೋಗಲ್ಲ. ಅದೂ ನಮ್ಮ ತೋಟದ ಅಡಿಕೆಯದೇ.

ಇನ್ನೊಂದು. ಕಾಗೋಡು ಅಂದರೆ ಸಾಗರದ ಕಡೆಯ ನಮಗೆಲ್ಲ ಹೆಮ್ಮೆ. 1951ರ ಗೇಣಿದಾರರ ಸತ್ಯಾಗ್ರಹ, ಸಮಾಜವಾದಿ ನಾಯಕ ಲೋಹಿಯಾ ಬಂದು ಜೈಲಿಗೆ ಹೋದದ್ದು, ಶಾಂತವೇರಿ ಗೋಪಾಲಗೌಡರು, ಎಲ್ಲ ಬಾಯಿಪಾಠ. ಆದರೆ ಅಲ್ಲಿ ದೊಡ್ಡ ಜಗಳ ಇದ್ದದ್ದು ಒಡೆಯರು ಗೇಣಿ ಭತ್ತ ಹೆಚ್ಚು ಅಳೆದುಕೊಳ್ಳಲು ಇಟ್ಟಿದ್ದ ದೊಡ್ಡ ಕೊಳಗದ ಮೇಲೆ. ನಮ್ಮ ಅಜ್ಜನೂ ಗೇಣಿದಾರರೇ. ಒಡೆಯರ ಅಂಗಳದಲ್ಲಿ ನಿಂತೇ ಕಾಯುತ್ತಿದ್ದರು, ಕೂರು ಅಂತ ಒಬ್ಬರೂ ಹೇಳುತ್ತಿರಲಿಲ್ಲ ಅಂತ ನೀವೇ ನಮಗೆ ಎಷ್ಟು ಸಲ ಹೇಳಿದ್ದೀರಿ, ಚಿಕ್ಕಪ್ಪ. ದೇವರಾಜ ಅರಸರ ಕಾಲದಲ್ಲಿ, 1974ರ ಭೂ ಸುಧಾರಣೆ ಬಂದ ಮೇಲೆ ತಾನೇ ಈ ಜಮೀನು ನಮ್ಮ ಹೆಸರಿಗೆ ಆಗಿದ್ದು? ಈಗ ಅಳೆಯುವವರು ನಾವು. ಸುಲಿದ ಅಡಿಕೆ ಡಬ್ಬ ತುಂಬಿದ ಮೇಲೂ "ಇನ್ನೊಂದು ಹಿಡಿ ಹಾಕು" ಅನ್ನುವುದು ನಮ್ಮ ಮನೆಯಲ್ಲೂ ಇದೆ. ಕೂಲಿ ಮಾತ್ರ ಒಂದೇ ಡಬ್ಬದ್ದು. ತೂಕದ ಮಷಿನ್ ಮೂಲೆಯಲ್ಲಿ ಸುಮ್ನೆ ಬಿದ್ದಿದೆ. ಕೆಜಿ ಲೆಕ್ಕದಲ್ಲಿ ಕೊಟ್ಟರೆ ಈ ರಗಳೆಯೇ ಇರಲ್ಲ.

ಊಟಕ್ಕೆ ನನ್ನ ಲೆಕ್ಕ ಇಷ್ಟು. ಅಂಗಳದ ಚಪ್ಪರದಲ್ಲಿ ಒಂದೇ ಪಂಕ್ತಿ. ಎಲ್ಲರಿಗೂ ಬಾಳೆ ಎಲೆ, ಇಲ್ಲವೇ ಎಲ್ಲರಿಗೂ ಅಡಿಕೆ ಹಾಳೆಯ ತಟ್ಟೆ. ನಾವೂ ಅವರ ನಡುವೆಯೇ ಕೂರೋಣ, ನಮ್ಮವರೆಲ್ಲ ಒಂದು ತುದಿಗೆ ಗುಂಪಾಗುವುದು ಬೇಡ. ದೊಡ್ಡಮ್ಮನಿಗೆ ಕಷ್ಟ ಅನಿಸಿದರೆ ಮೊದಲೇ ಉಣ್ಣಲಿ, ಈ ವಯಸ್ಸಿನಲ್ಲಿ ಅವರ ಹತ್ತಿರ ವಾದ ಮಾಡಲು ನನಗೂ ಮನಸ್ಸಿಲ್ಲ. ಹಿತ್ತಲ ಲೋಟ ನಾಳೆಯೇ ಗುಜರಿಗೆ ಹಾಕುತ್ತೇನೆ, ಯಾರೂ ಹುಡುಕಬೇಡಿ. ಊಟಕ್ಕೆ ಹಿಂದಿನ ದಿನವೇ ಸುಲಿಯುವವರ ಮನೆಗೆ ಹೋಗಿ ಕರೆಯಬೇಕು, ನೆಂಟರನ್ನು ಕರೆದ ಹಾಗೆ. ನೀವೇ ಬಂದರೆ ಒಳ್ಳೆಯದು ಚಿಕ್ಕಪ್ಪ. ಬೈಕ್ ತರುತ್ತೇನೆ, ಸಂಜೆ ಐದಕ್ಕೆ ರೆಡಿ ಇರಿ.